ಅಜ್ಜನ ಭಂಡಾರದ ಚೀಲ ಹೊಲಿದವರು ಯಾರು?

ಅತ್ತಿಗುಪ್ಪೆ ಮೆಟ್ರೊ ನಿಲ್ದಾಣದ ಕೆಳಗೆ ಬೆಳಿಗ್ಗೆ ಏಳಕ್ಕೆ ನಾವು ಒಂದು ಪ್ಲಾಸ್ಟಿಕ್ ಚೀಲ ಹಿಡಿದು ನಿಂತಿದ್ದೆವು. ಒಳಗಿದ್ದದ್ದು ಉಪ್ಪು ಸವರಿ ಮಡಚಿದ ಕರಿ ಆಡಿನ ತೊಗಲು, ಕೂದಲು ಸಮೇತ. ರಾಣೆಬೆನ್ನೂರಿನಿಂದ ರಾತ್ರಿ ಬಸ್ಸಿನಲ್ಲಿ ಸೀಟಿನ ಕೆಳಗಿಟ್ಟು ತಂದಿದ್ದೆವು. ಕಂಡಕ್ಟರ್ ಮೂಗು ಮುಚ್ಚಿಕೊಂಡು "ಏನ್ರೀ ಅದು?" ಅಂದರು. "ಒಣಮೀನು" ಅಂದೆವು. ಊರವರ ಸುಳ್ಳನ್ನೆಲ್ಲ ಸುದ್ದಿ ಮಾಡುವ ನಾವು ಅವತ್ತು ನಾವೇ ಸುಳ್ಳು ಹೇಳಿದೆವು.

ಕಥೆ ಶುರುವಾಗುವುದು ನಮ್ಮ ಅಜ್ಜನಿಂದ. ಅಜ್ಜ ಗೊರವಯ್ಯ. ದೇವರಗುಡ್ಡದ ಮಾಲತೇಶನ ಒಕ್ಕಲು. ಗೊರವರನ್ನು ನೀವು ನೋಡಿರುತ್ತೀರಿ: ಮೈಮೇಲೆ ಕರಿ ಕಂಬಳಿ, ಕೈಯಲ್ಲಿ ಡಮರುಗ, ತಲೆಗೆ ಕರಡಿ ಕೂದಲಿನ ಟೋಪಿ, ಸೊಂಟದ ಹತ್ತಿರ ಜೋತುಬಿದ್ದ ಚರ್ಮದ ಚೀಲ. ಅದರಲ್ಲಿ ಭಂಡಾರ, ಅಂದರೆ ಅರಿಶಿನ ಪುಡಿ. ಏಳುಕೋಟಿ ಅಂತ ಕೂಗಿ ಚಿಟಿಕೆ ಭಂಡಾರ ಹಣೆಗೆ ಹಚ್ಚಿದರೆ ನಮ್ಮ ಕಡೆ ಜ್ವರ ಬಂದ ಕೂಸೂ ಅಳು ನಿಲ್ಲಿಸುತ್ತದೆ ಅನ್ನುತ್ತಾರೆ.

ಇಂಥದ್ದೇ ಚೀಲ ದೂರದ ಸ್ಕಾಟ್ಲೆಂಡಿನಲ್ಲೂ ಇದೆ. ಅಲ್ಲಿನ ಗಂಡಸರು ಉಡುವ ಕಿಲ್ಟ್ ಎಂಬ ಲಂಗಕ್ಕೆ ಜೇಬಿಲ್ಲ. ಅದಕ್ಕೆ ಮುಂದೆ ತುಪ್ಪಳದ ಚೀಲ ಕಟ್ಟುತ್ತಾರೆ, ಹೆಸರು ಸ್ಪೊರನ್. ಹಿಂದೆ ಅದಕ್ಕೆ ಸೀಲ್, ನೀರುನಾಯಿ, ಬ್ಯಾಡ್ಜರ್ ಚರ್ಮ ಬಳಸುತ್ತಿದ್ದರು. ವನ್ಯಜೀವಿ ಕಾನೂನು ಅವರಿಗೂ ಅಡ್ಡ ಬಂತು. ನಮ್ಮಲ್ಲಿ ಅದು ಬಂದದ್ದು 1972ರಲ್ಲಿ. ಕರಡಿ, ಹುಲಿ ಎರಡೂ ಮೊದಲ ಪಟ್ಟಿಯ ಪ್ರಾಣಿಗಳು. ಹಳೆಯ ಚರ್ಮ ಇದ್ದವರು ಘೋಷಿಸಿಕೊಳ್ಳಲು 2003ರಲ್ಲಿ 180 ದಿನ ಕೊಟ್ಟಿದ್ದರು. ನಮ್ಮ ಮನೆಯಲ್ಲಿ ಅದು ಯಾರಿಗೂ ಗೊತ್ತಾಗಲಿಲ್ಲ. ಅಜ್ಜನ ಟೋಪಿ, ಚೀಲ ದೇವರ ಜಗಲಿ ಮೇಲೇ ಇದ್ದವು.

2023ರ ಅಕ್ಟೋಬರಿನಲ್ಲಿ ರಿಯಾಲಿಟಿ ಶೋ ಸ್ಪರ್ಧಿಯೊಬ್ಬರನ್ನು ಹುಲಿ ಉಗುರಿನ ಪದಕಕ್ಕಾಗಿ ಬಂಧಿಸಿದಾಗ ದೊಡ್ಡಪ್ಪನಿಗೆ ನಿದ್ದೆ ಹೋಯಿತು. ಅಜ್ಜನ ನಂತರ ಗೊರವ ದೀಕ್ಷೆ ಹಿಡಿದವರು ಅವರೇ. 2024ರ ಆರಂಭದಲ್ಲಿ ಇಂಥ ವಸ್ತುಗಳನ್ನು ಒಪ್ಪಿಸಲು ಸರ್ಕಾರ ಅವಕಾಶ ಕೊಟ್ಟಿತು. ನಾವೇ ಬೈಕಿನಲ್ಲಿ ಕೂರಿಸಿಕೊಂಡು ಹೋದೆವು. ಚೀಲದೊಳಗಿನ ಭಂಡಾರವನ್ನು ದೊಡ್ಡಪ್ಪ ಟವೆಲಿಗೆ ಸುರಿದುಕೊಂಡು, ಖಾಲಿ ಚೀಲ ಮೇಜಿನ ಮೇಲಿಟ್ಟರು. ದಾರಿಯುದ್ದಕ್ಕೂ ಮಾತಿಲ್ಲ. ಆಮೇಲೆ ಎಷ್ಟೋ ದಿನ ಬಟ್ಟೆ ಅಂಗಡಿಯ ಕವರಿನಲ್ಲಿ ಭಂಡಾರ ಹಾಕಿಕೊಂಡು ತಿರುಗಿದರು. ಜನ ನಕ್ಕರು.

ಆಡಿನ ತೊಗಲಿನ ಯೋಚನೆ ಬಂದದ್ದು ಒಂದು ಗೃಹಪ್ರವೇಶದ ಮಾರನೇ ದಿನದ ಊಟದಲ್ಲಿ. ಮೊದಲು ತೊಗಲು ಕೊಳ್ಳುವವರು ಸೈಕಲ್ಲಿನಲ್ಲಿ ಬರುತ್ತಿದ್ದರು. ಈಗ ನಮ್ಮೂರಿಗೆ ಯಾರೂ ಬರುವುದಿಲ್ಲ. ಮಾಂಸ ಪಾತ್ರೆಗೆ, ತೊಗಲು ಗುಂಡಿಗೆ. ಅವತ್ತು ನಾವು ಒಂದನ್ನು ತಡೆದೆವು. "ದೇವರ ಚೀಲಕ್ಕೆ ಊಟದ ಆಡಾ?" ಅಂತ ಹಿರಿಯರು ತಕರಾರು ತೆಗೆದರು. ದೊಡ್ಡಪ್ಪನೇ ಉತ್ತರ ಕೊಟ್ಟರು: "ಕಂಬಳಿಗೆ ಕುರಿ ಆಗೂದಾದ್ರ, ಚೀಲಕ್ಕ ಆಡು ಯಾಕ ಆಗಬಾರದು?"

ಹೊಲಿಯುವವರೇ ಸಿಗಲಿಲ್ಲ. ಅತ್ತಿಗುಪ್ಪೆಯಲ್ಲಿರುವ ನಮ್ಮ ಅಕ್ಕ ಹೇಳಿದರು, ಮೆಟ್ರೊ ಕೆಳಗೆ ಚಪ್ಪಲಿ ಹೊಲಿಯುವ ಹಿರಿಯರೊಬ್ಬರು ನಮ್ಮ ಕಡೆಯವರೇ, ತೊಗಲು ಹದ ಮಾಡುವುದು ಅವರಿಗೆ ಅಪ್ಪನಿಂದ ಬಂದ ವಿದ್ಯೆ ಅಂತ.

ಅವರು ಮೊದಲು ಕೂದಲು ಹಿಡಿದು ಎಳೆದು ನೋಡಿದರು. ಕಿತ್ತು ಬರಲಿಲ್ಲ. "ಬೇಗ ಉಪ್ಪು ಹಾಕೀರಿ, ಉಳೀತು" ಅಂದರು. ತೊಗಲು ಕೊಳೆತರೆ ಕೂದಲು ಬುಡದಿಂದ ಬಿಡುತ್ತದಂತೆ. ಚಪ್ಪಲಿ ತೊಗಲಿಗಾದರೆ ಸುಣ್ಣದ ನೀರಿನಲ್ಲಿಟ್ಟು ಕೂದಲು ತೆಗೆದು, ತಂಗಡಿ ತೊಗಟೆಯಲ್ಲಿ ಹದ ಮಾಡುತ್ತಾರೆ. ಇಲ್ಲಿ ಕೂದಲು ಉಳಿಯಬೇಕು, ಆದ್ದರಿಂದ ಸುಣ್ಣ ಮುಟ್ಟಿಸುವಂತಿಲ್ಲ. ಒಳಮೈಯ ಕೊಬ್ಬು, ಪೊರೆ ಎಲ್ಲ ಕೆರೆದು, ಪಟಿಕಾರ ಮತ್ತು ಅದರ ಎರಡು ಪಾಲು ಉಪ್ಪು ಕರಗಿಸಿದ ನೀರಿನಲ್ಲಿ ನೆನೆಸಬೇಕು. ಪಟಿಕಾರ ಅಂದರೆ ಕ್ಷೌರದಂಗಡಿಯಲ್ಲಿ ಗಡ್ಡಕ್ಕೆ ಉಜ್ಜುವ ಬಿಳಿ ಕಲ್ಲು.

ಅಕ್ಕನ ಮನೆ ತಾರಸಿಯಲ್ಲಿ ಬಕೆಟ್ ಇಟ್ಟೆವು. ಐದು ದಿನ ಬೆಳಿಗ್ಗೆ ಸಂಜೆ ಕೋಲಿನಿಂದ ತಿರುವಿದೆವು. ಪಕ್ಕದ ಮನೆಯವರು ವಾಸನೆ ಅಂತ ಜಗಳಕ್ಕೆ ಬಂದರು. ಆಮೇಲೆ ನೆರಳಲ್ಲಿ ಒಣಗಿಸಿದಾಗ ತೊಗಲು ಹಪ್ಪಳದಂತೆ ಸೆಟೆದುಕೊಂಡಿತು. ಕೆಟ್ಟಿತು ಅಂದುಕೊಂಡೆವು. ಹಿರಿಯರು ನಕ್ಕರು. ಸ್ವಲ್ಪ ತೇವ ಉಳಿದಿರುವಾಗಲೇ ಹರಳೆಣ್ಣೆ ಸವರಿ, ಹಲಗೆಯ ಅಂಚಿಗೆ ಹಾಕಿ ಎಳೆದೆಳೆದು ತಿಕ್ಕಿಸಿದರು. ಎರಡು ಗಂಟೆಯಲ್ಲಿ ನಮ್ಮ ಅಂಗೈ ಬೊಬ್ಬೆ ಬಂತು, ತೊಗಲು ಬಟ್ಟೆಯಂತೆ ಬಳುಕಿತು.

ಕತ್ತರಿಸುವುದು ಒಳಮೈ ಕಡೆಯಿಂದ, ರಂಪಿಗೆಯ ತುದಿಯಲ್ಲಿ ಗೀರಿ. ಕತ್ತರಿ ಹಾಕಿದರೆ ಕೂದಲೂ ತುಂಡಾಗಿ ಅಂಚು ಬೋಳಾಗುತ್ತದೆ. ಕೂದಲು ಕೆಳಮುಖವಾಗಿರಬೇಕು. ಒಂದು ಗೇಣು ಚೀಲ, ಮೇಲೊಂದು ಮುಚ್ಚಳ, ಒಳಗೆ ಹತ್ತಿ ಬಟ್ಟೆ.

ದಬ್ಬಣ ಚುಚ್ಚುತ್ತಾ ಅವರು ಕೇಳಿದರು: "ನಿಮ್ಮ ಅಜ್ಜನ ಚೀಲ ಹೊಲಿದವ್ರು ಯಾರು?"

ನಮ್ಮಲ್ಲಿ ಉತ್ತರ ಇರಲಿಲ್ಲ. ಅಜ್ಜನ ಹೆಸರು, ಅವರಿಗೆ ದೀಕ್ಷೆ ಕೊಟ್ಟವರ ಹೆಸರು, ಟೋಪಿ ಎಷ್ಟು ವರ್ಷದ್ದು ಅನ್ನುವುದೆಲ್ಲ ಗೊತ್ತು. ಇದೊಂದನ್ನು ಕೇಳಿಯೇ ಇರಲಿಲ್ಲ. ದೊಡ್ಡಪ್ಪನಿಗೆ ಫೋನ್ ಮಾಡಿದೆವು. ಸ್ವಲ್ಪ ಹೊತ್ತು ಸುಮ್ಮನಿದ್ದು ಹೇಳಿದರು: "ಕೇರಿಯಿಂದ ಒಬ್ಬಾವ ಬರ್ತಿದ್ದ. ಬೇವಿನ ಗಿಡದ ಆಚಿ ನಿಂದರತಿದ್ದ. ಚೀಲ ಅಲ್ಲೇ ಇಟ್ಟು ಹೋಗ್ತಿದ್ದ, ನಾವು ನೀರು ಚಿಮುಕಿಸಿ ಒಳಗ ತರ್ತಿದ್ವಿ. ಹೆಸರು... ಹೆಸರು ನೆನಪಿಲ್ಲೋ."

ಫೋನ್ ಸ್ಪೀಕರಿನಲ್ಲಿತ್ತು. ಹಿರಿಯರು ತಲೆ ಎತ್ತಲಿಲ್ಲ, ಹೊಲಿಗೆ ನಿಲ್ಲಿಸಲಿಲ್ಲ. ನಮಗೆ ಏನು ಹೇಳಬೇಕೋ ತಿಳಿಯಲಿಲ್ಲ.

ಮುಂದಿನ ವಾರ ದೊಡ್ಡಪ್ಪ ತಾವೇ ಬಸ್ಸು ಹತ್ತಿ ಬಂದರು. ಅಕ್ಕನ ಮನೆಗೂ ಹೋಗದೆ ನೇರ ಮೆಟ್ರೊ ಕೆಳಗೆ ಬಂದು, ಫುಟ್‌ಪಾತಿನಲ್ಲಿ ಅವರ ಪಕ್ಕ ಕುಳಿತರು. ಚೀಲವನ್ನು ಅವರ ಕೈಯಿಂದಲೇ ತೆಗೆದುಕೊಂಡರು. ನೀರು ಚಿಮುಕಿಸಲಿಲ್ಲ. ಮೊದಲ ಚಿಟಿಕೆ ಭಂಡಾರ ಅವರ ಹಣೆಗೆ ಹಚ್ಚಿದರು. ನವರಾತ್ರಿಯ ಕಾರಣಿಕಕ್ಕೆ ದೇವರಗುಡ್ಡಕ್ಕೆ ಬರ್ರಿ ಅಂದರು. "ಬಂದ್ರ ನಿಮ್ಮ ಪಡಸಾಲಿಯೊಳಗ ಕುಂದರಸ್ತೀರೇನು?" ಅಂತ ಹಿರಿಯರು ನಗುತ್ತಲೇ ಕೇಳಿದರು. ದೊಡ್ಡಪ್ಪ "ಹೂಂ" ಅಂದರು. ಅನ್ನುವ ಮೊದಲು ಒಂದು ಕ್ಷಣ ತಡವಾಯಿತು. ಆ ತಡ ಮೂವರಿಗೂ ಕೇಳಿಸಿತು.

ನಿಮ್ಮ ಮನೆಯಲ್ಲೂ ಕಾಡುಪ್ರಾಣಿಯ ಹಳೆಯ ಚರ್ಮ ಇದ್ದರೆ ಮಾರಬೇಡಿ, ಯಾರಿಗೂ ಕೊಡಬೇಡಿ. ತಿಳಿದ ವಕೀಲರೊಬ್ಬರನ್ನು ಕೇಳಿ ಅರಣ್ಯ ಇಲಾಖೆಗೆ ತಿಳಿಸಿ. ಆಡಿನ ಚೀಲ ಮಾಡಿಸಿದರೆ ಮಳೆಗೆ ನೆನೆಸಬೇಡಿ, ಪಟಿಕಾರದ ಹದ ನೀರಿಗೆ ಬಿಟ್ಟುಹೋಗುತ್ತದೆ.

ಮತ್ತೆ, ಹೊಲಿದವರ ಹೆಸರು ಕೇಳಿ ಬರೆದಿಟ್ಟುಕೊಳ್ಳಿ. ನಮ್ಮ ಚೀಲದೊಳಗಿನ ಬಟ್ಟೆ ಮೇಲೆ ಈಗ ಒಂದು ಹೆಸರಿದೆ. ಇಲ್ಲಿ ಹಾಕಬೇಡಿ ಅಂದರು ಅವರು, ಅದಕ್ಕೆ ಹಾಕಿಲ್ಲ.