ಬರಿದಾದ ಸಿಂಹಾಸನದ ಪಾರುಪತ್ಯ

ಮಹಾಕಥೆಗಳನ್ನು ಓದುವವರಲ್ಲಿ ಅನೇಕರಿಗೆ ವೀರರ ಖಡ್ಗವಿದ್ಯೆಯೇ ಪ್ರಿಯ. ನನಗಾದರೋ ಅರಮನೆಯ ಬೀಗದ ಕೈಗಳನ್ನೂ ಅನ್ಯರ ಕಿವಿಗೆ ಬೀಳಬಾರದ ರಹಸ್ಯಗಳನ್ನೂ ಕಾಯುವ ಅಧಿಕಾರಿಯ ವೃತ್ತಿಯನ್ನು ಕುರಿತು ಓದುವಾಗ ದೊರೆಯುವ ಸಂತೋಷ ಮತ್ತಾವುದರಿಂದಲೂ ದೊರೆಯದು. ಆಕ್ಸ್‌ಫರ್ಡಿನ ಪ್ರಾಧ್ಯಾಪಕ ಟೋಲ್ಕಿನ್ನರ ‘ದಿ ಲಾರ್ಡ್ ಆಫ್ ದಿ ರಿಂಗ್ಸ್’ ಕಥೆಯ ಕಡೆಯ ಸಂಪುಟವು 1955ರಲ್ಲಿ ಹೊರಬಂದಾಗ ಅದಕ್ಕೆ ಸೇರಿಸಿದ ಅನುಬಂಧಗಳಲ್ಲಿ ಗೊಂಡೋರ್ ರಾಜ್ಯದ ಪಾರುಪತ್ಯಗಾರರ ವೃತ್ತಾಂತವಿದೆ. ಬಿಡುವಿನ ಸಂಜೆಗಳಲ್ಲಿ ಆ ಪುಟಗಳನ್ನು ಮೆಲ್ಲನೆ ಓದುವುದೇ ನನ್ನ ವಿನೋದ.

ಆ ಕಲ್ಪಿತ ಲೋಕದ ಮೂರನೆಯ ಯುಗದ 2050ನೆಯ ವರ್ಷದಲ್ಲಿ, ಶತ್ರುವು ದ್ವಂದ್ವಯುದ್ಧಕ್ಕೆ ಕರೆಯಲಾಗಿ, ಎಯಾರ್ನೂರ್ ಅರಸನು ಮಿನಾಸ್ ಮೋರ್ಗುಲ್ ಕೋಟೆಯ ಬಾಗಿಲಿಗೆ ಹೋದವನು ಮರಳಲೇ ಇಲ್ಲ. ಹಿಂದೊಮ್ಮೆ ಇಂಥದೇ ಕರೆ ಬಂದಾಗ ಅವನ ಕೋಪವನ್ನು ತಣಿಸಿ ತಡೆದಿದ್ದ ಪಾರುಪತ್ಯಗಾರ ಮಾರ್ದಿಲನು, ಅರಸನಿಗೆ ಮಕ್ಕಳಿಲ್ಲದಿದ್ದರೂ, ಸತ್ತನೆಂಬುದಕ್ಕೆ ಸಾಕ್ಷಿಯಿಲ್ಲವೆಂಬ ಕಾರಣದಿಂದ, ಕಿರೀಟವನ್ನು ಧರಿಸದೆಯೇ ರಾಜ್ಯಭಾರವನ್ನು ಹೊತ್ತನು. ಅವನಿಂದ ಮೊದಲುಗೊಂಡು 26 ಮಂದಿ, ಒಂಬೈನೂರಕ್ಕೂ ಮಿಕ್ಕ ವರ್ಷಗಳ ಕಾಲ, ಅರಸನು ಮರಳುವವರೆಗೆ ಅವನ ಹೆಸರಿನಲ್ಲಿ ಆಳುವೆವೆಂದು ಪ್ರತಿಜ್ಞೆಮಾಡಿ ಆಳಿದರು. ಮೆಟ್ಟಿಲುಗಳ ಮೇಲೆ ಸಿಂಹಾಸನವು ಬರಿದಾಗಿರಲು, ಕೆಳಗಣ ಅಲಂಕಾರವಿಲ್ಲದ ಕರಿಯ ಶಿಲಾಪೀಠವೇ ಇವರ ಆಸನ. ರಾಜದಂಡಕ್ಕೆ ಪ್ರತಿಯಾಗಿ ಬಿಳಿಯ ಕೋಲು. ಲಾಂಛನವಿಲ್ಲದ ಬಿಳಿಯ ಧ್ವಜ. ಇದಕ್ಕಿಂತ ಗಂಭೀರವಾದ ವೈಭವವನ್ನು ನಾನು ಯಾವ ಕಥೆಯಲ್ಲಿಯೂ ಕಂಡಿಲ್ಲ.

ಇವರೊಳಗೆ ನನಗೆ ಅತ್ಯಂತ ಪ್ರಿಯನಾದವನು ಕಿರಿಯೋನ್. ರಾಜ್ಯದ ಮೂಲಪುರುಷನಾದ ಎಲೆಂದಿಲನ ಸಮಾಧಿಯು ಹಾಲಿಫಿರಿಯೆನ್ ಬೆಟ್ಟದ ನೆತ್ತಿಯ ಮೇಲೆ ಗುಪ್ತವಾಗಿದ್ದ ಸಂಗತಿಯು ಅರಸರಿಂದ ಪಾರುಪತ್ಯಗಾರರಿಗೆ ಬಂದ ರಹಸ್ಯವಾಗಿತ್ತು. ಸಂಕಟದಲ್ಲಿ ನೆರವಾದ ಎಯೋರ್ಲನಿಗೆ ಒಂದು ಸೀಮೆಯನ್ನೇ ಕೊಟ್ಟು ಅವನೊಡನೆ ಮೈತ್ರಿಯ ಶಪಥವನ್ನು ಮಾಡುವ ದಿನ ಕಿರಿಯೋನನು ಅವನನ್ನು ಆ ಸಮಾಧಿಯೆಡೆಗೆ ಕರೆದೊಯ್ದು ಗುಟ್ಟನ್ನು ತೆರೆದನು. ತಲೆಮಾರುಗಳಿಂದ ಮುಚ್ಚಿಟ್ಟದ್ದನ್ನು ಯಾರಿಗೆ, ಯಾವಾಗ, ಯಾವ ಪ್ರಯೋಜನಕ್ಕಾಗಿ ತೆರೆಯಬೇಕೆಂಬ ವಿವೇಕವೇ ಈ ವೃತ್ತಿಯ ಜೀವಾಳವೆಂಬುದು ನನ್ನ ದೃಢವಾದ ನಂಬಿಕೆ.

ಕಡೆಯವನಾದ ಡೆನೆಥೋರನ ಕಥೆ ಹೃದಯವಿದ್ರಾವಕ. ಅರಸನು ಬಾರದಿದ್ದರೆ ಎಷ್ಟು ನೂರು ವರ್ಷಗಳಿಗೆ ನಾವೇ ಅರಸರಾಗುವೆವೆಂದು ಬಾಲಕ ಬೊರೊಮಿರನು ಕೇಳಿದಾಗ, ಗೊಂಡೋರಿನಲ್ಲಿ ಹತ್ತು ಸಾವಿರ ವರ್ಷಗಳೂ ಸಾಲವೆಂದು ಉತ್ತರಕೊಟ್ಟ ತಂದೆಯೇ, ಅರಸನು ನಿಜವಾಗಿಯೂ ಬರುವ ಹೊತ್ತಿಗೆ ಅಧಿಕಾರವನ್ನು ಒಪ್ಪಿಸಲೊಲ್ಲದೆ, ಕೋಲನ್ನು ಮುರಿದು ಬೆಂಕಿಗೆ ಆಹುತಿಯಾದನು. ಕಿರಿಯ ಮಗ ಫಾರಮಿರನಾದರೋ ಮಂಡಿಯೂರಿ ಬಿಳಿಯ ಕೋಲನ್ನು ಮರಳಿ ಬಂದ ಅರಸನಾದ ಅರಗೋರ್ನನಿಗೆ ಸಮರ್ಪಿಸಿದನು. ಅರಸನು ಅದನ್ನು ಅವನಿಗೇ ಹಿಂದಿರುಗಿಸಿ, ಆ ಪದವಿಯನ್ನು ಅವನ ವಂಶಕ್ಕೆ ಸ್ಥಿರಪಡಿಸಿದನು.

ಕಥೆ ಮುಗಿಯಿತೆಂದು ಪುಸ್ತಕವನ್ನು ಮುಚ್ಚಿಡುವ ವಾಚಕರಲ್ಲಿ ನನ್ನ ವಿಜ್ಞಾಪನೆಯಿಷ್ಟೆ: ಅನುಬಂಧಗಳನ್ನು ಬಿಡಬೇಡಿರಿ, ಮಾರ್ದಿಲನೂ ಕಿರಿಯೋನನೂ ನಿಮಗೆ ಅಲ್ಲಿಯೇ ದೊರೆಯುವರು.