ಎಡಿನ್‌ಬರೋ ನಗರದ ಒಂದು ಅಡುಗೆಮನೆ

ಸ್ಕಾಟ್ಲೆಂಡಿನ ಎಡಿನ್‌ಬರೋ ನಗರಕ್ಕೆ ಹೋದ ಪ್ರವಾಸಿಗಳು ಬಂಡೆಯ ಮೇಲಿನ ಕೋಟೆಯನ್ನು ತಪ್ಪದೆ ನೋಡುತ್ತಾರೆ. ಅದೇ ನಗರದ ವೆಸ್ಟರ್ನ್ ಜನರಲ್ ಆಸ್ಪತ್ರೆಯ ಆವರಣದಲ್ಲಿ, ಹಿಂದೊಮ್ಮೆ ಕುದುರೆಲಾಯವಾಗಿದ್ದ ಕಲ್ಲುಕಟ್ಟಡವೊಂದಿದೆ. ‘ಮ್ಯಾಗೀಸ್ ಸೆಂಟರ್’ ಎಂದು ಅದರ ಹೆಸರು. ಅಲ್ಲಿಗೆ ಬರುವವರು ಕ್ಯಾನ್ಸರ್ ರೋಗಿಗಳು, ಅವರ ಬಂಧುಗಳು, ಮತ್ತು ರೋಗದಿಂದ ಪಾರಾಗಿಯೂ ಅದರ ಭಯದಿಂದ ಪಾರಾಗದವರು.

ಚೀನದ ಉದ್ಯಾನಗಳನ್ನು ಕುರಿತು ಗ್ರಂಥ ರಚಿಸಿದ ಮ್ಯಾಗಿ ಕೆಸ್ವಿಕ್ ಜೆಂಕ್ಸ್ ಅವರಿಗೆ 1988ರಲ್ಲಿ ಸ್ತನ ಕ್ಯಾನ್ಸರ್ ಕಾಣಿಸಿತು. ಚಿಕಿತ್ಸೆಯಾದ ಬಳಿಕ ಅಡಗಿದ್ದ ರೋಗ 1993ರಲ್ಲಿ ಮರಳಿತು. ಆ ವಾರ್ತೆಯನ್ನು ಕೇಳಿ ಪತಿಯೊಡನೆ ಅವರು ಕುಳಿತದ್ದು ಆಸ್ಪತ್ರೆಯ ಕಿಟಕಿಯಿಲ್ಲದ ಕಾರಿಡಾರಿನಲ್ಲಿ. ಅಂಥ ಗಳಿಗೆಯಲ್ಲಿ ಕುಳಿತು ಅಳುವುದಕ್ಕಾದರೂ ಬೆಳಕುಳ್ಳ ಕೋಣೆಯೊಂದು ಬೇಕೆಂಬ ಹಂಬಲದಿಂದ ಈ ಮನೆಯ ಯೋಜನೆ ಹುಟ್ಟಿತು. 1995ರಲ್ಲಿ ಅವರು ತೀರಿಕೊಂಡರು. ಮರುವರ್ಷ ಇದರ ಬಾಗಿಲು ತೆರೆಯಿತು.

ಒಳಗೆ ಕಾಲಿಟ್ಟರೆ ಆಸ್ಪತ್ರೆಯ ಛಾಯೆಯಿಲ್ಲ. ನಡುವೆ ಅಡುಗೆಮನೆ, ದೊಡ್ಡ ಮೇಜು, ಚಹದ ಕೆಟಲು. ಬರುವುದನ್ನು ಮೊದಲೇ ತಿಳಿಸಬೇಕಾಗಿಲ್ಲ, ಶುಲ್ಕವೂ ಇಲ್ಲ. ಚಿಕಿತ್ಸೆ ಮುಗಿದವರನ್ನು ಮನೆಯವರು ‘ಗುಣವಾಯಿತಲ್ಲ, ಇನ್ನೇಕೆ ಚಿಂತೆ?’ ಎಂದು ಸಂತೈಸುತ್ತಾರೆ. ಆದರೆ ಮುಂದಿನ ತಪಾಸಣೆಯ ದಿನ ಸಮೀಪಿಸಿದಂತೆ ನಿದ್ರೆ ಹಾರಿಹೋಗುತ್ತದೆ. ಸಾಮಾನ್ಯ ಬೆನ್ನುನೋವೂ ಎದೆಯನ್ನು ನಡುಗಿಸುತ್ತದೆ. ಮನೆಯಲ್ಲಿ ಆಡಲಾಗದ ಈ ಮಾತನ್ನು ಇಲ್ಲಿ ಮೇಜಿನ ಸುತ್ತ ಕುಳಿತು ಆಡಬಹುದು. ಇಲ್ಲಿನ ಮನಶ್ಶಾಸ್ತ್ರಜ್ಞರು ‘ರೋಗ ಮರಳದು’ ಎಂಬ ಭಾಷೆ ಕೊಡುವುದಿಲ್ಲ. ಅದನ್ನು ಯಾರೂ ಕೊಡಲಾರರು. ಭಯವನ್ನು ಮುಚ್ಚಿಡದೆ ಹೇಳಿಕೊಳ್ಳುವುದನ್ನೂ, ಅದು ಕಾಡುತ್ತಿರುವಾಗಲೂ ದಿನದ ಬಾಳನ್ನು ನಡೆಸುವುದನ್ನೂ ಕಲಿಸುತ್ತಾರೆ. ಅದೇ ಹಾದಿಯಲ್ಲಿ ನಡೆದವರೊಬ್ಬರು ಎದುರಿಗೆ ಕುಳಿತು ಚಹ ಕುಡಿಯುತ್ತಿರುವುದೂ ಒಂದು ಧೈರ್ಯವೇ.

ಇಂದು ಬ್ರಿಟನ್ನಿನ ಅನೇಕ ಆಸ್ಪತ್ರೆಗಳ ಮಗ್ಗುಲಲ್ಲಿ, ದೂರದ ಹಾಂಗ್‌ಕಾಂಗ್, ಟೋಕಿಯೋ ನಗರಗಳಲ್ಲಿಯೂ ಇಂಥ ಮನೆಗಳಿವೆ. ಕಟ್ಟಡದ ರೂಪ ಒಂದೊಂದೆಡೆ ಒಂದೊಂದು ಬಗೆ. ಅಡುಗೆಮನೆಯ ಮೇಜು ಮಾತ್ರ ಎಲ್ಲೆಡೆಯೂ ಇದೆ.