ಬಾಯಿಗೆ ಬಿದ್ದ ಬೀಗ

ನಾಯಿಗೆ ಬಾಯಿಯೇ ಕೈ. ಉಣ್ಣುವುದೂ, ಮರಿಯನ್ನೆತ್ತುವುದೂ, ಯಜಮಾನನ ಪಾದರಕ್ಷೆಯನ್ನು ಕದ್ದೊಯ್ದು ಆಡುವುದೂ ಆ ಒಂದು ಅವಯವದಿಂದಲೇ. ಅಂತಹ ಬಾಯಿಯು ತೆರೆಯದೆ ಹೋದರೆ ಆ ಮೂಕಪ್ರಾಣಿಯ ಪಾಡೇನೆಂಬುದನ್ನು ನಮ್ಮ ಮನೆಯ ಜರ್ಮನ್ ಷೆಪರ್ಡ್ ನಾಯಿಯಲ್ಲಿ ಕಂಡೆನು.

ಮೊದಲು ಅದು ಆಕಳಿಸುವಾಗ ನರಳಿತು. ಬಳಿಕ ರೊಟ್ಟಿಯನ್ನು ಮೂಸಿ ಬಿಟ್ಟು, ನಾಲಗೆಯ ತುದಿಯನ್ನಷ್ಟೇ ಚಾಚಿ ಹಾಲನ್ನು ನೆಕ್ಕತೊಡಗಿತು. ನೆತ್ತಿಯ ಇಕ್ಕೆಲಗಳೂ ಬಾತು ಕಣ್ಣುಗಳು ಮುಂದಕ್ಕೆ ಉಬ್ಬಿದುವು. ಕಂಡವರು ಹುಚ್ಚು ಹಿಡಿದಿದೆಯೆಂದೂ, ಕೊಲ್ಲಿಸುವುದೇ ಲೇಸೆಂದೂ ಹೇಳಿದರು. ಆ ಭಯವನ್ನು ಹಳಿಯುವಂತಿಲ್ಲ. ಹುಚ್ಚುನಾಯಿಯ ಕಡಿತದಿಂದ ಸಾಯುವವರು ನಮ್ಮ ದೇಶದಲ್ಲಿ ಇಂದಿಗೂ ಉಂಟು. ಆದರೆ ಭಯವು ರೋಗನಿದಾನವಲ್ಲ.

ಪಶುವೈದ್ಯರು ಮೊದಲು ವಿಚಾರಿಸಿದುದು ಹುಚ್ಚಿನ ಚುಚ್ಚುಮದ್ದನ್ನು ಕುರಿತೇ. ಅದು ವರ್ಷವರ್ಷವೂ ತಪ್ಪದೆ ಬಿದ್ದಿತ್ತು. ಮೂಕಹುಚ್ಚಿನಲ್ಲಿ ಸಾಮಾನ್ಯವಾಗಿ ಕೆಳದವಡೆಯು ಜೋತುಬೀಳುವುದು. ಇಲ್ಲಿಯೋ ದವಡೆಯು ಬಿಗಿದಿತ್ತು. ಧನುರ್ವಾಯುವಿನಲ್ಲಿ ದವಡೆ ಬಿಗಿಯುವುದುಂಟಾದರೂ ಬಹುಮಟ್ಟಿಗೆ ಕಿವಿಗಳೂ ಕಾಲುಗಳೂ ಸೆಟೆಯುವುವು; ನಮ್ಮ ನಾಯಿ ಸರಾಗವಾಗಿಯೇ ನಡೆಯುತ್ತಿತ್ತು. ಹಾಗೆಂದು ಮನೆಯವರು ತಾವೇ ಇಂತಹ ನಾಯಿಯ ಬಾಯಿಗೆ ಕೈಹಾಕಿ ಪರೀಕ್ಷಿಸತಕ್ಕದ್ದಲ್ಲ.

ಅರಿವಳಿಕೆ ಕೊಟ್ಟು ನೋಡಿದಾಗಲೂ ಬಾಯಿಯು ಎರಡು ಬೆರಳಗಲಕ್ಕಿಂತ ಹೆಚ್ಚಾಗಿ ತೆರೆಯಲಿಲ್ಲ. ನೋವೊಂದೇ ಕಾರಣವಾಗಿದ್ದರೆ ಅರಿವು ತಪ್ಪಿದೊಡನೆ ದವಡೆ ಸಡಿಲಬೇಕಾಗಿತ್ತಷ್ಟೆ. ನಾಯಿಯ ಅಗಿಯುವ ಸ್ನಾಯುಗಳಲ್ಲಿ ಕಾಲಿನ ಸ್ನಾಯುಗಳಲ್ಲಿಲ್ಲದ, '2ಎಂ' ಎಂಬ ಒಂದು ಬಗೆಯ ಎಳೆಗಳಿವೆ. ರೋಗಾಣುಗಳೊಡನೆ ಕಾದಬೇಕಾದ ಪ್ರತಿಕಾಯಗಳು ಒಮ್ಮೊಮ್ಮೆ ಈ ಎಳೆಗಳನ್ನೇ ಹಗೆಯೆಂದು ಬಗೆದು ಮುತ್ತುವುವು. ಬೇಲಿಯೇ ಎದ್ದು ಹೊಲವನ್ನು ಮೇದಂತಾಯಿತು. ಕಾಲಿಗೆ ಕೇಡಿಲ್ಲದೆ ದವಡೆಗೆ ಮಾತ್ರ ಬೀಗ ಬೀಳುವ ಮರ್ಮವಿದು. ರಕ್ತದಲ್ಲಿ ಆ ಪ್ರತಿಕಾಯಗಳೂ, ನೆತ್ತಿಯ ಪಕ್ಕದಿಂದ ತೆಗೆದ ಸ್ನಾಯುವಿನ ಚೂರಿನಲ್ಲಿ ಉರಿಯೂತವೂ ಕಂಡುಬಂದು ಸಂಶಯ ಕಳೆಯಿತು.

ಚಿಕಿತ್ಸೆಯೆಂದರೆ ಆ ಅತಿಯಾದ ಕಾವಲನ್ನು ತಗ್ಗಿಸುವುದು. ದೇಹದ ತೂಕದ ಪ್ರತಿ ಕಿಲೋಗ್ರಾಮಿಗೆ ದಿನವೊಂದಕ್ಕೆ 2 ಮಿಲಿಗ್ರಾಂ ಲೆಕ್ಕದಲ್ಲಿ ಪ್ರೆಡ್ನಿಸೊಲೋನನ್ನು ವೈದ್ಯರು ಆರಂಭಿಸಿದರು. ಬಿಗಿದ ದವಡೆಯನ್ನು ಬಲಾತ್ಕಾರದಿಂದ ತೆರೆಯಬಾರದೆಂದೂ, ಗುಣ ಕಂಡೊಡನೆ ಮದ್ದನ್ನು ನಿಲ್ಲಿಸಕೂಡದೆಂದೂ ಎಚ್ಚರಿಸಿದರು. ತೆಳ್ಳನೆಯ ಅಂಬಲಿಯೇ ಅದರ ಊಟವಾಯಿತು. ಮದ್ದಿನಿಂದ ಹಸಿವು ಬಾಯಾರಿಕೆಗಳು ಹೆಚ್ಚಿ, ರಾತ್ರಿ ಎರಡು ಮೂರು ಬಾರಿ ನಾಯಿಗಾಗಿ ಬಾಗಿಲು ತೆಗೆಯಬೇಕಾಗುತ್ತಿತ್ತು. ಮೂರನೆಯ ವಾರದಲ್ಲಿ ಅದು ಮೆತ್ತನೆಯ ಚೆಂಡೊಂದನ್ನು ಕಚ್ಚಿ ಹಿಡಿಯಿತು. ಅನಂತರ ಮದ್ದನ್ನು ಇಳಿಸುತ್ತ ಇಳಿಸುತ್ತ ಆರು ತಿಂಗಳು ಕಳೆದುವು.

ಬಾವು ಇಳಿದ ಮೇಲೆ ನೆತ್ತಿಯ ಪಕ್ಕಗಳು ಕುಳಿಬಿದ್ದು ಮುಖವು ಮುದಿಯಾಗಿ ತೋರುತ್ತದೆ. ನಾಶವಾದ ಎಳೆಗಳ ಸ್ಥಾನದಲ್ಲಿ ನಾರು ಬೆಳೆದ ಬಳಿಕ ಯಾವ ಮದ್ದೂ ಅದನ್ನು ಸ್ನಾಯುವಾಗಿಸಲಾರದು. ವಿಳಂಬವಾಗಿದ್ದರೆ ದವಡೆಯೂ ಹಾಗೆಯೇ ನಿಂತುಹೋಗುತ್ತಿತ್ತು. ರೋಗವು ವಿರಳವೆಂಬ ಕಾರಣದಿಂದ ಅದರ ಹೆಸರನ್ನು ಅರಿಯದಿರುವುದು ನಮಗೆ ಸಣ್ಣ ಕೊರತೆ. ತನ್ನ ನೋವನ್ನು ಹೇಳಿಕೊಳ್ಳಲಾರದ ಪ್ರಾಣಿಗೆ ಅದು ಜೀವದ ಮಾತು.